ಸಿಪ್ಪೆ ಮಾತ್ರ ಗುರುತಿಸುವ ಪರೀಕ್ಷೆ: ಶಿರಸಿ ಸೀಮೆಯ ಒಂದು ಕೊಟ್ಟಿಗೆಯ ಪ್ರಕರಣ

ಬಿಳಿ ಟೈಲ್ಸ್ ತುಂಡಿನ ಮೇಲೆ ಒಂದು ಹನಿ ಸೀರಂ, ಅಂದರೆ ಹಸುವಿನ ರಕ್ತದ ತಿಳಿನೀರು, ಅದರ ಪಕ್ಕ ಒಂದು ಹನಿ ಆಂಟಿಜನ್. ಎರಡೂ 30 ಮೈಕ್ರೋಲೀಟರ್. ಹಲ್ಲುಕಡ್ಡಿಯಿಂದ ಕಲೆಸಿ, ಟೈಲ್ಸನ್ನು ಕೈಯಲ್ಲಿ ಹಿಡಿದು ನಾಲ್ಕು ನಿಮಿಷ ಮೆಲ್ಲಗೆ ತೂಗಬೇಕು. ಆಂಟಿಜನ್ ಅಂದರೆ ಕೊಂದು ಬಣ್ಣ ಹಾಕಿದ ಬ್ರುಸೆಲ್ಲಾ ಬ್ಯಾಕ್ಟೀರಿಯಾ, ಹಸು ಕಂದು ಹಾಕುವ, ಅಂದರೆ ಗಬ್ಬ ಕಳೆದುಕೊಳ್ಳುವ ರೋಗ ತರುವುದು. ರೋಸ್ ಬೆಂಗಾಲ್ ಎಂಬ ಆ ಬಣ್ಣ ನೋಡಲು ನಮ್ಮ ಮುರುಗಲು ಪಾನಕದ ಹಾಗೇ ಇದೆ. ಹಸುವಿನ ರಕ್ತದಲ್ಲಿ ಏನೂ ಇಲ್ಲದಿದ್ದರೆ ಅದು ಪಾನಕವಾಗೇ ಉಳಿಯುತ್ತದೆ. ಇದ್ದರೆ ಒಡೆದ ಹಾಲಿನ ಹಾಗೆ ಸಣ್ಣ ಸಣ್ಣ ಕಣ ಕಟ್ಟುತ್ತದೆ.

ತುಂಗೆ ಎಂಬ ಕಡಸಿನ ಹನಿ ಎರಡನೇ ನಿಮಿಷಕ್ಕೇ ಒಡೆಯಿತು.

ಇದು 2024ರ ಆಗಸ್ಟ್ ತಿಂಗಳ ಮಾತು. ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಅಡಿಕೆ ತೋಟದ ಮನೆ. ನಾನು ಆ ಭಾಗದ ಪಶುವೈದ್ಯ. ಊರಿನ ಹೆಸರು, ಮನೆಯವರ ಹೆಸರು ಬಿಟ್ಟಿದ್ದೇನೆ. ದನಗಳ ಹೆಸರು ಮಾತ್ರ ಹಾಗೇ ಇಟ್ಟಿದ್ದೇನೆ, ಅವು ಬೇಸರ ಮಾಡಿಕೊಳ್ಳುವುದಿಲ್ಲ.

ಕೊಟ್ಟಿಗೆಯಲ್ಲಿ ಒಟ್ಟು ಹನ್ನೊಂದು ದನ. ಆರು ಮಿಶ್ರತಳಿ ಹಸು, ಎರಡು ಕಡಸು, ಒಂದು ಕರು, ಎರಡು ಮಲೆನಾಡು ಗಿಡ್ಡ. ಗಿಡ್ಡಗಳನ್ನು ಹಾಲಿಗಾಗಿ ಸಾಕಿದ್ದಲ್ಲ, ಅಮ್ಮನವರ ಪ್ರೀತಿಗೆ ಸಾಕಿದ್ದು. ಅಮ್ಮ ಅಂದರೆ ಯಜಮಾನರ ತಾಯಿ, ಎಪ್ಪತ್ತು ದಾಟಿದವರು. ಕೊಟ್ಟಿಗೆಯ ನಿಜವಾದ ದಾಖಲೆ ಪುಸ್ತಕ ಅವರ ತಲೆಯೇ. ತುಂಗೆ ಎರಡು ಕಡಸುಗಳಲ್ಲಿ ದೊಡ್ಡದು, ಐದು ತಿಂಗಳ ಗಬ್ಬ. ನೋಡಲು ಚೆಂದದ ಪ್ರಾಣಿ. ಅದನ್ನು ಕೊಳ್ಳಲು ಹೊರಗಿನ ಡೇರಿಯವರೊಬ್ಬರು ಬಂದಿದ್ದರು. ಬೆಲೆ ಹೆಚ್ಚುಕಮ್ಮಿ ಕುದುರಿತ್ತು. "ಕಂದು ಹಾಕುವ ರೋಗದ ಟೆಸ್ಟ್ ಒಂದು ಮಾಡಿಸಿ ಕೊಡಿ, ಮತ್ತೇನೂ ಬೇಡ" ಎಂದು ಅವರು ಕೇಳಿದ್ದರಿಂದ ನಾನು ಅಲ್ಲಿ ಹೋಗಿ ಕೂತಿದ್ದೆ.

ಕೊಳ್ಳಲು ಬಂದವರು ಟೈಲ್ಸ್ ನೋಡಿದರು, ನನ್ನ ಮುಖ ನೋಡಿದರು. "ಇನ್ನೊಂದ್ಸಲ ಬರ್ತೇನೆ" ಎಂದು ಹೊರಟರು. ಚಹಾ ಹಾಗೇ ಉಳಿಯಿತು.

ಯಜಮಾನರಿಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. "ಡಾಕ್ಟ್ರೇ, ಇದಕ್ಕೆ ನೀವೇ ಲಸಿಕೆ ಹಾಕಿದ್ರಲ್ಲ. ಲಸಿಕೆ ಹಾಕಿದ ಮೇಲೂ ರೋಗ ಬಂತಾ, ಅಥವಾ ಲಸಿಕೆಯಿಂದ್ಲೇ ಬಂತಾ?"

ಎರಡು ಪ್ರಶ್ನೆ ಕೇಳಿದರು. ಮೂರನೆಯದೂ ಒಂದಿತ್ತು: ರೋಗವೇ ಇಲ್ಲ, ಪರೀಕ್ಷೆ ಲಸಿಕೆಯನ್ನು ನೋಡಿ ರೋಗ ಎಂದು ಕೂಗುತ್ತಿದೆಯಾ? ಇದನ್ನು ಅವರಿಗೆ ಬಿಡಿಸಿ ಹೇಳಲು ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆಯ ಕತೆಯಿಂದ ಶುರು ಮಾಡಬೇಕಾಯಿತು.

ಬ್ರುಸೆಲ್ಲಾ ಅಬಾರ್ಟಸ್ ಹಸುವಿಗೆ ಬರುವ ಬ್ರುಸೆಲ್ಲೋಸಿಸ್‌ನ ಮೂಲ. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ 1897ರಲ್ಲಿ ಅದನ್ನು ಗುರುತಿಸಿದ. ಅದರ ಹೊರಮೈ ತುಂಬ ಒತ್ತೊತ್ತಾಗಿ ಲೈಪೊಪಾಲಿಸ್ಯಾಕರೈಡ್ ಎಂಬ ವಸ್ತು ಇರುತ್ತದೆ. ಬುಡ ಕೊಬ್ಬಿನದು, ಪೊರೆಯಲ್ಲಿ ನೆಟ್ಟುಕೊಂಡಿರುತ್ತದೆ. ಅದರ ಮೇಲೆ ಸಕ್ಕರೆಗಳ ಒಂದು ಗಿಡ್ಡ ಕಾಂಡ. ಕಾಂಡದ ತುದಿಯಿಂದ ಹೊರಕ್ಕೆ ಚಾಚಿದ ಉದ್ದನೆಯ ಸರಕ್ಕೆ ಓ-ಸರಪಳಿ ಎಂದು ಹೆಸರು. ಎಷ್ಟೋ ಬ್ಯಾಕ್ಟೀರಿಯಾಗಳ ಸರದಲ್ಲಿ ಮೂರು ನಾಲ್ಕು ಬಗೆಯ ಸಕ್ಕರೆ ಬೆರೆತಿರುತ್ತವೆ. ಬ್ರುಸೆಲ್ಲಾದ್ದು ಒಂದೇ ಜಾತಿಯ ಮಣಿಯ ಸರ. ಪೆರೋಸಮೈನ್ ಎಂಬ ಸಕ್ಕರೆಯ ಸುಮಾರು ನೂರು ಮಣಿ, ಒಂದೊಂದು ಮಣಿಯ ಮೇಲೂ ಫಾರ್ಮಿಲ್ ಎಂಬ ಪುಟ್ಟ ಟೊಪ್ಪಿಗೆ. ಅಷ್ಟೇ.

ಹಸುವಿನ ದೇಹಕ್ಕೆ ಈ ಬ್ಯಾಕ್ಟೀರಿಯಾ ಹೊಕ್ಕಾಗ ಮೊದಲು ಕಾಣುವುದು ಈ ಸರವೇ. ರೋಗಾಣುವನ್ನು ಹಿಡಿಯಲು ದೇಹ ಮಾಡುವ ಪ್ರತಿಕಾಯ ಜಾಸ್ತಿ ಹುಟ್ಟುವುದೂ ಅದರ ವಿರುದ್ಧವೇ. ರೋಸ್ ಬೆಂಗಾಲ್ ಪರೀಕ್ಷೆಯೂ ಮುಖ್ಯವಾಗಿ ಆ ಪ್ರತಿಕಾಯವನ್ನೇ ಹುಡುಕುತ್ತದೆ. ಟ್ಯೂಬಿನಲ್ಲಿ ಮಾಡುವ ಪರೀಕ್ಷೆ, ಹಾಲಿನ ಉಂಗುರ ಪರೀಕ್ಷೆ, ದಿನನಿತ್ಯ ಬಳಸುವ ಎಲಿಸಾ, ಎಲ್ಲವೂ ಸುತ್ತಿ ಬಳಸಿ ಆ ಸಕ್ಕರೆಯ ಸುತ್ತಲೇ ತಿರುಗುತ್ತವೆ. ಎರ್ಸೀನಿಯಾ ಎಂಟೆರೊಕೊಲಿಟಿಕಾ ಎಂಬ ಬೇರೆಯೇ ಒಂದು ಬ್ಯಾಕ್ಟೀರಿಯಾ ಇದೆ. ಅದರ ಓ:9 ಎಂಬ ಬಗೆಯ ಮೈಮೇಲೂ ಇದೇ ಪೆರೋಸಮೈನ್ ಸರ ಇದೆ. ಅದು ತಗಲಿದ ಹಸುವೂ ಬ್ರುಸೆಲ್ಲಾ ಪರೀಕ್ಷೆಯಲ್ಲಿ ಸುಮ್ನೆ ಸಿಕ್ಕಿಬೀಳುತ್ತದೆ. ಪರೀಕ್ಷೆಗೆ ಕಳ್ಳನ ಮುಖ ಗೊತ್ತಿಲ್ಲ, ಅಂಗಿ ಮಾತ್ರ ಗೊತ್ತು.

ಯಜಮಾನರು ಅಡಿಕೆಯವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಂದ್ರೆ ಟೆಸ್ಟು ಸಿಪ್ಪೆ ನೋಡ್ತದೆ, ಒಳಗಿನ ಅಡಿಕೆ ನೋಡೋದಿಲ್ಲ. ಹೌದಾ?"

ಹೌದು. ನನಗೆ ಹತ್ತು ನಿಮಿಷ ಬೇಕಾದದ್ದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರು. ಲಸಿಕೆಯ ಬ್ಯಾಕ್ಟೀರಿಯಾಕ್ಕೂ ರೋಗದ ಬ್ಯಾಕ್ಟೀರಿಯಾಕ್ಕೂ ಸಿಪ್ಪೆ ಒಂದೇ. ತೊಂದರೆಯೆಲ್ಲ ಅಲ್ಲೇ ಇದೆ.

ಲಸಿಕೆಯ ಹೆಸರು ಎಸ್ 19. ಅಮೆರಿಕದ ಜಾನ್ ಬಕ್ ಎಂಬ ಪಶುವೈದ್ಯ 1923ರಲ್ಲಿ ಒಂದು ಜರ್ಸಿ ಹಸುವಿನ ಹಾಲಿನಿಂದ ತೆಗೆದ ತಳಿ ಅದು. ಪ್ರಯೋಗಾಲಯದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರೂ ಮುಟ್ಟದೆ ಉಳಿದು, ತಾನಾಗೇ ಸೌಮ್ಯವಾಯಿತು ಎನ್ನುತ್ತಾರೆ. ನೂರು ವರ್ಷ ಕಳೆದರೂ ಜಗತ್ತಿನ ಎಷ್ಟೋ ಕಡೆ ಅದನ್ನೇ ಹಾಕುತ್ತಿದ್ದಾರೆ. ಕೆಟ್ಟ ಲಸಿಕೆ ಖಂಡಿತ ಅಲ್ಲ. ಆದರೆ ಅದು ಜೀವಂತ ಬ್ಯಾಕ್ಟೀರಿಯಾ. ಪೂರ್ಣ ಪ್ರಮಾಣ ಅಂದರೆ ಒಂದು ಕರುವಿಗೆ ಐದು ಸಾವಿರದಿಂದ ಎಂಟು ಸಾವಿರ ಕೋಟಿ ಬ್ಯಾಕ್ಟೀರಿಯಾ. ಗಬ್ಬದ ಹಸುವಿಗೆ ಅಷ್ಟು ಹಾಕಿದರೆ ಕಂದು ಹಾಕಬಹುದು. ನಮ್ಮ ಕೈಗೆ ಸೂಜಿ ಚುಚ್ಚಿದರೆ, ಕಣ್ಣಿಗೆ ಹಾರಿದರೆ ನಮಗೂ ರೋಗ ಬರಬಹುದು. ಕನ್ನಡಕ ಹಾಕಿಕೊಳ್ಳಿ ಅನ್ನುತ್ತಾರೆ. ಮಳೆಗಾಲದಲ್ಲಿ ಶಿರಸಿಯ ಕೊಟ್ಟಿಗೆಯೊಳಗೆ ಒಂದು ಸಲ ಹಾಕಿಕೊಂಡು ನೋಡಿ, ಅರ್ಧ ನಿಮಿಷಕ್ಕೆ ಗಾಜು ತುಂಬ ಮಂಜು.

2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆ ಬ್ರುಸೆಲ್ಲೋಸಿಸ್ ಕೂಡ ಸೇರಿತು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಜೀವನದಲ್ಲಿ ಒಂದೇ ಸಲ ಎಸ್ 19. ಈ ವಯಸ್ಸಿನ ಕಟ್ಟು ಸುಮ್ನೆ ಇಟ್ಟದ್ದಲ್ಲ. ಎಳೆ ಕರುವಿಗೆ ಹಾಕಿದರೆ ಸಕ್ಕರೆಯ ವಿರುದ್ಧ ಹುಟ್ಟಿದ ಪ್ರತಿಕಾಯ ಕೆಲವು ತಿಂಗಳಲ್ಲಿ ಇಳಿದುಹೋಗುತ್ತದೆ, ರಕ್ಷಣೆ ಉಳಿಯುತ್ತದೆ. ಬಲಿತ ಕಡಸಿಗೆ ಹಾಕಿದರೆ ಪ್ರತಿಕಾಯ ವರ್ಷಗಟ್ಟಲೆ ಉಳಿದುಬಿಡಬಹುದು. ಆಮೇಲೆ ಆ ಪ್ರಾಣಿ ಎಲ್ಲಿ ಪರೀಕ್ಷೆಗೆ ನಿಂತರೂ ರೋಗಿಯ ಹಾಗೆ ಕಾಣುತ್ತದೆ.

ಫೋನು ತೆಗೆದು ತುಂಗೆಯ ಕಿವಿಯೋಲೆಯ ಹನ್ನೆರಡು ಅಂಕಿ ಹಾಕಿದೆ. ಹುಟ್ಟಿದ್ದು ಜುಲೈ 2022. ಲಸಿಕೆ ಜನವರಿ 2023. ಆರು ತಿಂಗಳು. ಲೆಕ್ಕ ಸರಿಯಾಗಿದೆ. ಹಾಗಿದ್ದರೆ ಈಗ ಪ್ರತಿಕಾಯ ಇರಬಾರದು. ಇದೆ ಅಂದರೆ ನಿಜವಾದ ಸೋಂಕು ಅಂತಲೇ ಅನುಮಾನ ಪಡಬೇಕು. ನಾನು ಹಾಗೇ ಹೇಳಲು ಬಾಯಿ ತೆರೆದಿದ್ದೆ.

ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಜುಲೈ ಎಂತಕ್ಕೆ? ಇದು ಜಾತ್ರೆ ಕರು. ಮಾರಿಕಾಂಬೆ ಜಾತ್ರೆ ಮುಗಿದಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ. ಆ ನಡುವೆ ಹುಟ್ಟಿದ್ದು."

ಶಿರಸಿಯವರಿಗೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ. ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರ ಜಾತ್ರೆ ಮಾರ್ಚ್‌ನಲ್ಲಿ ನಡೆದಿತ್ತು. ಆ ವರ್ಷ ಯುಗಾದಿ ಏಪ್ರಿಲ್ 2. ಹಾಗಾದರೆ ತುಂಗೆ ಹುಟ್ಟಿದ್ದು ಮಾರ್ಚ್ ಕೊನೆಯ ವಾರ. ಲಸಿಕೆ ಹಾಕಿದಾಗ ಅದಕ್ಕೆ ಆರಲ್ಲ, ಹತ್ತು ತಿಂಗಳು.

ಜುಲೈ ಎಂದು ಬರೆದದ್ದು ಯಾರು? ನಾನೇ. ಆ ದಿನ ಒಂದೇ ಬೆಳಿಗ್ಗೆ ಎಷ್ಟೋ ಮನೆ ಸುತ್ತಿದ್ದೆ. ಅಮ್ಮ ತೋಟಕ್ಕೆ ಹೋಗಿದ್ದರು. ಇದ್ದ ಹುಡುಗನನ್ನು ಕೇಳಿದೆ, ಅವನು "ಆರು ತಿಂಗಳಾಗಿರ್ಬೇಕು" ಅಂದ. ಕರು ನೋಡಲು ಸ್ವಲ್ಪ ಬಡಕಲು ಇತ್ತು, ನಂಬಿದೆ. ಹಿಂದಕ್ಕೆ ಎಣಿಸಿ ಜುಲೈ ಎಂದು ಒತ್ತಿದೆ. ಒಂದು ಬೆರಳಿನ ಕೆಲಸ. ಒಂದೂವರೆ ವರ್ಷದ ನಂತರ ಆ ಬೆರಳು ಒಂದು ವ್ಯಾಪಾರ ಮುರಿಯಿತು.

ಹಾಗಂತ ಪ್ರಕರಣ ಅಲ್ಲಿಗೇ ಮುಗಿಯಲಿಲ್ಲ. ತಪ್ಪು ನನ್ನದು, ಪ್ರತಿಕಾಯ ಲಸಿಕೆಯದು ಎಂದು ಹೇಳಿ ಎದ್ದು ಬರಬಹುದಿತ್ತು. ಯಜಮಾನರಿಗೂ ಅದೇ ಬೇಕಿತ್ತು. ಆದರೆ ಒಂದು ದನ ಪಾಸಿಟಿವ್ ಬಂದಾಗ ಇಡೀ ಕೊಟ್ಟಿಗೆಯ ರಕ್ತ ತೆಗೆಯುವುದು ಪದ್ಧತಿ. ಮರುದಿನ ಹೋಗಿ ತೆಗೆದೆ. ದೊಡ್ಡ ದನಗಳಲ್ಲಿ ಇನ್ನೊಂದು ಮಾತ್ರ ಒಡೆಯಿತು. ಕಪಿಲೆ.

ಕಪಿಲೆ ಈ ಮನೆಯಲ್ಲಿ ಹುಟ್ಟಿದ್ದಲ್ಲ. 2022ರಲ್ಲಿ ಬಯಲುಸೀಮೆ ಕಡೆಯ ಸಂತೆಯಿಂದ ತಂದದ್ದು. ಅದಕ್ಕೆ ಲಸಿಕೆಯ ದಾಖಲೆಯೇ ಇಲ್ಲ. "ಇದು ಯಾವಾಗಾದ್ರೂ ಕಂದು ಹಾಕಿತ್ತಾ?" ಎಂದು ಕೇಳಿದೆ. ಯಜಮಾನರು ಇಲ್ಲ ಅಂದರು. ಅಮ್ಮ ಹೌದು ಅಂದರು. 2023ರ ಮೇ ತಿಂಗಳು, ಏಳನೇ ತಿಂಗಳಿನಲ್ಲಿ. ಕಸ, ಅಂದರೆ ಮಾಸು, ಬಿದ್ದಿರಲಿಲ್ಲ. ಸೊಸೆ ಕೈಹಾಕಿ ಎಳೆದು ತೆಗೆದಿದ್ದರು, ಬರಿಗೈಯಲ್ಲಿ. ಬಿದ್ದದ್ದನ್ನೆಲ್ಲ ಗೊಬ್ಬರಗುಂಡಿಗೆ ಹಾಕಿದ್ದರು. ಮುಂದಿನ ವರ್ಷ ಜೂನ್‌ನಲ್ಲಿ ಅದೇ ಕಪಿಲೆ ಸರಿಯಾದ ಹೊತ್ತಿಗೆ ಗಟ್ಟಿಮುಟ್ಟಾದ ಕರು ಹಾಕಿತು. ಎಲ್ಲರೂ ಹಳೆಯದನ್ನು ಮರೆತರು.

ಈ ರೋಗದ ಕುಟಿಲತೆ ಇದೇ. ಒಂದು ಸಲ ಕಂದು ಹಾಕುತ್ತದೆ, ಮುಂದಿನ ಸಲ ಹೆಚ್ಚಾಗಿ ಹಾಕುವುದಿಲ್ಲ. ಬ್ಯಾಕ್ಟೀರಿಯಾ ಮಾತ್ರ ಕೆಚ್ಚಲಿನಲ್ಲಿ ಕೂತೇ ಇರುತ್ತದೆ, ಹಾಲಿನಲ್ಲಿ ಬರುತ್ತದೆ, ಪ್ರತಿ ಕರುವಿನ ಹೊತ್ತಿಗೂ ಹೊರಬೀಳುತ್ತದೆ. ಕಪಿಲೆಯ ಹಾಲಿನ ಉಂಗುರ ಪರೀಕ್ಷೆ ಮಾಡಿದೆ. ನೀಲಿ ಬಣ್ಣ ಹಾಕಿದ ಬ್ರುಸೆಲ್ಲಾದ ಒಂದು ಹನಿ ಹಾಲಿಗೆ ಬೆರೆಸಿ ಒಂದು ಗಂಟೆ ಬೆಚ್ಚಗೆ ಇಡುವುದು. ಪ್ರತಿಕಾಯ ಇದ್ದರೆ ಬ್ಯಾಕ್ಟೀರಿಯಾ ಕೆನೆಯ ಜೊತೆ ಮೇಲಕ್ಕೆ ಹೋಗಿ ನೀಲಿ ಉಂಗುರ ಕಟ್ಟುತ್ತದೆ, ಕೆಳಗಿನ ಹಾಲು ಬೆಳ್ಳಗಾಗುತ್ತದೆ. ಕಪಿಲೆಯದು ಶಾಯಿಯಲ್ಲಿ ಗೆರೆ ಎಳೆದ ಹಾಗಿತ್ತು.

ಈಗ ತುಂಗೆಯ ಪ್ರಶ್ನೆ ಮೊದಲಿಗಿಂತ ಗೋಜಲಾಯಿತು. ಕಪಿಲೆ ಕಂದು ಹಾಕಿದಾಗ ತುಂಗೆ ಹದಿನಾಲ್ಕು ತಿಂಗಳ ಕಡಸು, ಅದೇ ಕೊಟ್ಟಿಗೆ, ಎರಡು ಗೂಟದ ಆಚೆ. ದನಗಳು ಬಿದ್ದದ್ದನ್ನು ಮೂಸುತ್ತವೆ, ನೆಕ್ಕುತ್ತವೆ. ಹಾಗಾದರೆ ತುಂಗೆಯ ರಕ್ತದಲ್ಲಿರುವ ಪ್ರತಿಕಾಯ ತಡವಾಗಿ ಹಾಕಿದ ಲಸಿಕೆಯದಾ, ಕಪಿಲೆಯಿಂದ ಬಂದ ಸೋಂಕಿನದಾ, ಎರಡೂ ಸೇರಿದ್ದಾ? ಸಕ್ಕರೆ ಒಂದೇ ಆದಮೇಲೆ ಪ್ರತಿಕಾಯ ಬಾಯಿ ಬಿಡುವುದಿಲ್ಲ.

ಇಲ್ಲಿ ಮನುಷ್ಯರ ಮಾತೂ ಬಂತು. ಸೊಸೆಗೆ ಆ ವರ್ಷ ಮಳೆಗಾಲದಲ್ಲಿ ಸಂಜೆ ಸಂಜೆ ಜ್ವರ, ಸೊಂಟನೋವು ಇತ್ತಂತೆ. ಗುಳಿಗೆ ತಿಂದು ಕಡಿಮೆಯಾಯಿತಂತೆ. ನಾನು ದನದ ಡಾಕ್ಟರು, ಅದಕ್ಕಿಂತ ಮುಂದೆ ಹೋಗಲಿಲ್ಲ. ಬ್ರುಸೆಲ್ಲಾ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಹಾಲು ಕಾಯಿಸಿಯೇ ಕುಡಿಯುತ್ತೇವೆ ಎಂದರು. ಪೂಜೆಯ ಪಂಚಾಮೃತಕ್ಕೆ? ಅದಕ್ಕೆ ಹಸಿ ಹಾಲು. ಅಮ್ಮ ಸ್ವಲ್ಪ ಯೋಚಿಸಿ, "ಗಿಡ್ಡದ ಹಾಲು ಹಾಕಿದ್ರೆ ಆಗ್ತದಾ?" ಎಂದು ಕೇಳಿದರು. ಗಿಡ್ಡಗಳೆರಡೂ ನೆಗೆಟಿವ್ ಬಂದಿದ್ದವು. ಆದರೂ ಎಲ್ಲ ಹಾಲನ್ನೂ ಕಾಯಿಸಿ ಆರಿಸಿ ಹಾಕಿ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ.

ಆ ರಾತ್ರಿ ಮನೆಗೆ ಬಂದ ಮೇಲೆ ನನ್ನ ತಲೆಯಲ್ಲಿ ತಿರುಗಿದ್ದು ಬೇರೆ ವಿಷಯ. ತುಂಗೆಗೆ ನಾನು ಹಾಕಿದ್ದು ಸಿಪ್ಪೆ ಇಲ್ಲದ ಲಸಿಕೆಯಾಗಿದ್ದರೆ?

ಅಂಥದ್ದು ಇದೆ. ಹಳೆಯದು ಆರ್‌ಬಿ 51. ಅಮೆರಿಕದ ವರ್ಜೀನಿಯಾದಲ್ಲಿ ರಿಫಾಂಪಿಸಿನ್ ಔಷಧಿ ಬೆರೆಸಿದ ಮಾಧ್ಯಮದ ಮೇಲೆ ಮತ್ತೆ ಮತ್ತೆ ಬೆಳೆಸಿ ಆರಿಸಿದ ತಳಿ, 1996ರಿಂದ ಅಲ್ಲಿ ಬಳಕೆಯಲ್ಲಿದೆ. ಅದರ ಮೈಮೇಲೆ ಓ-ಸರಪಳಿ ಇಲ್ಲ, ಆದ್ದರಿಂದ ಅದನ್ನು ಹಾಕಿದ ಹಸು ರೋಸ್ ಬೆಂಗಾಲ್‌ನಲ್ಲಿ ಪಾನಕವಾಗೇ ಉಳಿಯುತ್ತದೆ. ಆದರೆ ಯಾರೂ ಯೋಚಿಸಿ ಕತ್ತರಿಸಿದ ಜೀನ್ ಅಲ್ಲ ಅದು. ತಾನಾಗಿ ಆದದ್ದು. ಆಮೇಲೆ ಹುಡುಕಿದಾಗ ಸರ ಪೋಣಿಸುವ ಒಂದು ಜೀನಿನೊಳಗೆ ಬೇರೆ ತುಣುಕು ನುಗ್ಗಿ ಕೂತದ್ದು ಕಂಡಿತು. ಆ ಜೀನ್ ಸರಿಮಾಡಿ ಕೊಟ್ಟರೂ ಸರ ಹೊರಗೆ ಬರಲಿಲ್ಲ, ಅಂದರೆ ಕೆಟ್ಟದ್ದು ಅದೊಂದೇ ಅಲ್ಲ. ಇನ್ನೊಂದು ಗಂಟೂ ಇದೆ. ಮನುಷ್ಯರಿಗೆ ಬ್ರುಸೆಲ್ಲಾ ಬಂದರೆ ಕೊಡುವ ಮುಖ್ಯ ಔಷಧಿಗಳಲ್ಲಿ ರಿಫಾಂಪಿಸಿನ್ ಒಂದು, ಡಾಕ್ಸಿಸೈಕ್ಲಿನ್ ಜೊತೆ ಆರು ವಾರ. ಆರ್‌ಬಿ 51 ಅದಕ್ಕೆ ಬಗ್ಗುವುದಿಲ್ಲ. ಸೂಜಿ ಚುಚ್ಚಿಕೊಂಡ ವೈದ್ಯನಿಗೆ ಒಂದು ಅಸ್ತ್ರ ಮೊದಲೇ ಕಡಿಮೆ.

ನಮ್ಮ ದೇಶದ್ದು ಬೇರೆ ದಾರಿ. ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಎಸ್ 19ನ್ನೇ ಹಿಡಿದು ಅದರಿಂದ ಪರ್ ಎಂಬ ಒಂದು ಜೀನ್ ತೆಗೆದರು. ಎಸ್ 19 ಡೆಲ್ಟಾ ಪರ್ ಎಂದು ಹೆಸರು. 2015ರಲ್ಲಿ ಅದರ ವರದಿ ಬಂತು. ಗಬ್ಬದ ಗಿನಿಪಿಗ್‌ಗಳಿಗೆ ಅಪಾಯ ಮಾಡಲಿಲ್ಲ, ಇಲಿಗಳಿಗೆ ರಕ್ಷಣೆ ಕೊಟ್ಟಿತು, ಲಸಿಕೆಯನ್ನೂ ಸೋಂಕನ್ನೂ ಬೇರೆ ಮಾಡಿ ನೋಡಲು ಬರುತ್ತದೆ ಎಂದು ಅದರಲ್ಲಿತ್ತು.

ಪರ್ ಮಾಡುವ ಕೆಲಸ ಕೇಳಿದರೆ ಆ ಆಯ್ಕೆಯ ಜಾಣತನ ತಿಳಿಯುತ್ತದೆ. ಬ್ಯಾಕ್ಟೀರಿಯಾ ಮೊದಲು ಮ್ಯಾನೋಸ್ ಎಂಬ ಸಾಮಾನ್ಯ ಸಕ್ಕರೆಯನ್ನು ತೆಗೆದುಕೊಂಡು ಸ್ವಲ್ಪ ಬದಲಿಸುತ್ತದೆ. ಅದಕ್ಕೆ ಅಮೈನೋ ಗುಂಪು ಒಂದನ್ನು ಕೂರಿಸಿ ಪೆರೋಸಮೈನ್ ಮಾಡುವ ಕಿಣ್ವ ಪರ್ ಜೀನಿನದು. ಆಮೇಲೆ ಇನ್ನೊಂದು ಕಿಣ್ವ ಟೊಪ್ಪಿಗೆ ಹಾಕುತ್ತದೆ, ಬೇರೆಯವು ಮಣಿ ಪೋಣಿಸುತ್ತವೆ, ಇನ್ನು ಕೆಲವು ಸರವನ್ನು ಪೊರೆಯ ಆಚೆ ದಾಟಿಸಿ ಕಾಂಡಕ್ಕೆ ಕಟ್ಟುತ್ತವೆ. ಪೋಣಿಸುವವನನ್ನು ತೆಗೆದರೆ ಮಣಿಗಳು ಒಳಗೆ ಹಾಗೇ ಇರುತ್ತವೆ. ಪರ್ ತೆಗೆದರೆ ಮಣಿ ಮಾಡುವವನೇ ಇಲ್ಲ.

ಜೀನ್ ಹೇಗೆ ತೆಗೆಯುತ್ತಾರೆ? ಕತ್ತರಿ ಎಂದು ಬರೆದುಬಿಡುವುದು ಸುಲಭ. ನಿಜಕ್ಕೂ ಅದು ಮೋಸದ ಕೆಲಸ. ಬೇಡದ ಜೀನಿನ ಎಡಬದಿಯ ತುಂಡನ್ನೂ ಬಲಬದಿಯ ತುಂಡನ್ನೂ ನಡುವಿನದು ಬಿಟ್ಟು ಒಂದಕ್ಕೊಂದು ಅಂಟಿಸುತ್ತಾರೆ. ಅದನ್ನು ಬ್ರುಸೆಲ್ಲಾದೊಳಗೆ ಸ್ವಂತವಾಗಿ ಬದುಕಲಾರದ ಒಂದು ಡಿಎನ್‌ಎ ಉಂಗುರದಲ್ಲಿಟ್ಟು ಒಳಗೆ ಕಳಿಸುತ್ತಾರೆ. ಬದಿಗಳು ತನ್ನವೇ ಆದ್ದರಿಂದ ಬ್ಯಾಕ್ಟೀರಿಯಾ ಅದನ್ನು ಗುರುತು ಹಿಡಿದು ತನ್ನ ಡಿಎನ್‌ಎ ಜೊತೆ ಅದಲು ಬದಲು ಮಾಡಿಕೊಳ್ಳುತ್ತದೆ. ಇಂಥ ಕೆಲಸದಲ್ಲಿ ಸಾಮಾನ್ಯವಾಗಿ ಬಳಸುವ ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಆ ಉಂಗುರದಲ್ಲಿ, ಸಕ್ಕರೆ ಸಿಕ್ಕರೆ ಬ್ಯಾಕ್ಟೀರಿಯಾಕ್ಕೇ ವಿಷ ಮಾಡುವ ಒಂದು ಜೀನ್ ಸೇರಿಸಿರುತ್ತಾರೆ. ಕೊನೆಗೆ ನಮ್ಮ ಮಾಮೂಲಿ ಕಬ್ಬಿನ ಸಕ್ಕರೆ ಹಾಕಿದ ತಟ್ಟೆಯ ಮೇಲೆ ಬೆಳೆಸಿದರೆ, ಉಂಗುರವನ್ನು ಇನ್ನೂ ಬಿಡದೆ ಹಿಡಿದುಕೊಂಡವು ಸಾಯುತ್ತವೆ, ಬಿಟ್ಟವು ಉಳಿಯುತ್ತವೆ. ಸಕ್ಕರೆ ಸರ ಕಳೆಯಲು ಸಕ್ಕರೆಯದೇ ಬಲೆ.

ಸಿಪ್ಪೆ ಹೋಗಿದೆಯೇ ಎಂದು ನೋಡುವುದು ಇನ್ನೂ ಸರಳ. ತಟ್ಟೆಯ ಮೇಲೆ ಬೆಳೆದ ಚುಕ್ಕೆಗಳಿಗೆ ಕ್ರಿಸ್ಟಲ್ ವಯೊಲೆಟ್ ಬಣ್ಣ ಸುರಿದು ಚೆಲ್ಲಿಬಿಡಿ. ಸರ ಇರುವವು ಬಣ್ಣ ಹಿಡಿಯುವುದಿಲ್ಲ. ಇಲ್ಲದವು ನೇರಳೆ ಹಣ್ಣಿನ ಹಾಗಾಗುತ್ತವೆ. ಇವಕ್ಕಿಟ್ಟ ಹೆಸರು ಮಾತ್ರ ಉಲ್ಟಾ. ಉದ್ದ ಸರ ಹೊತ್ತದ್ದಕ್ಕೆ ನುಣುಪು, ಸರ ಬೋಳಿಸಿದ್ದಕ್ಕೆ ಒರಟು ಅನ್ನುತ್ತಾರೆ. ತಟ್ಟೆಯ ಮೇಲೆ ಚುಕ್ಕೆ ಹೇಗೆ ಕಾಣುತ್ತದೆ ಎಂದು ನೋಡಿ ಇಟ್ಟ ಹಳೆಯ ಹೆಸರದು.

ಡೆಲ್ಟಾ ಪರ್ ಅನ್ನು ಅದನ್ನು ಮಾಡಿದವರೇ ಪೂರ್ತಿ ಒರಟು ಎಂದು ಕರೆಯಲಿಲ್ಲ, ನಡುವಿನ ಒರಟು ಎಂದರು. ನನ್ನ ಲೆಕ್ಕದಲ್ಲಿ ಅದು ಕೊರತೆಯಲ್ಲ. ಓ-ಸರಪಳಿ ಬ್ಯಾಕ್ಟೀರಿಯಾಕ್ಕೆ ಬರೀ ಅಲಂಕಾರ ಅಲ್ಲ, ಕೊಡೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಮೈಗೆ ತೂತು ಹಾಕದ ಹಾಗೆ ಅದು ಕಾಯುತ್ತದೆ. ಕೊಡೆ ಪೂರ್ತಿ ಕಿತ್ತುಕೊಂಡರೆ ಲಸಿಕೆಯ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ, ದೇಹ ಪಾಠ ಕಲಿಯುವ ಮೊದಲೇ ಮೇಷ್ಟ್ರು ಹೊರಟುಹೋದ ಹಾಗೆ. ಬ್ರುಸೆಲ್ಲಾ ಜೀವಕೋಶದ ಒಳಗೆ ಅಡಗುವ ಜಾತಿ. ಅದನ್ನು ಹೊಡೆಯಲು ಪ್ರತಿಕಾಯಕ್ಕಿಂತ ಟಿ ಕೋಶ ಎಂಬ ರಕ್ತದ ಬಿಳಿ ಕಣಗಳು ಬೇಕು. ಅವಕ್ಕೆ ಪಾಠ ಹೇಳುವಷ್ಟು ದಿನ ಲಸಿಕೆ ಒಳಗೆ ಬದುಕಿರಬೇಕು. ಹಾಗಾಗಿ ಸಿಪ್ಪೆ ಎಷ್ಟು ಸುಲಿಯಬೇಕು ಎಂಬುದು ತೂಗಿ ನೋಡುವ ಕೆಲಸ.

ವಾಪಸ್ ತುಂಗೆಗೆ ಬರೋಣ. ಅದಕ್ಕೆ ಡೆಲ್ಟಾ ಪರ್ ಹಾಕಿದ್ದರೆ ನಾನು ಜುಲೈ ಎಂದು ಬರೆದ ತಪ್ಪು ತಪ್ಪಾಗೇ ಇರುತ್ತಿತ್ತು. ಆದರೆ ಅದರಿಂದ ಯಾರಿಗೂ ನಷ್ಟವಾಗುತ್ತಿರಲಿಲ್ಲ. ಟೈಲ್ಸ್ ಮೇಲೆ ಹನಿ ಒಡೆದರೆ ಕಪಿಲೆಯ ಕಡೆ ಬೆರಳು ತೋರಿಸಬಹುದಿತ್ತು. ಒಡೆಯದಿದ್ದರೆ ಡೇರಿಯವರು ಚಹಾ ಕುಡಿದು ಮುಂಗಡ ಕೊಟ್ಟು ಹೋಗುತ್ತಿದ್ದರು.

ಇಷ್ಟು ಹೇಳಿ ಒಂದು ತಣ್ಣೀರೂ ಎರಚಬೇಕು. ನಾಳೆಯೇ ಎಲ್ಲ ತಾಲೂಕಿಗೂ ಹೊಸ ಲಸಿಕೆ ಬಂದರೂ ಕೊಟ್ಟಿಗೆಗಳಲ್ಲಿ ಎಸ್ 19 ಹಾಕಿಸಿಕೊಂಡ ಹಸುಗಳು ಇನ್ನೂ ಎಂಟು ಹತ್ತು ವರ್ಷ ಇರುತ್ತವೆ. ಅವುಗಳಲ್ಲಿ ತಡವಾಗಿ ಹಾಕಿದವು ಎಷ್ಟು ಎಂದು ಯಾರಿಗೂ ಗೊತ್ತಿರುವುದಿಲ್ಲ. ಕಿವಿಯೋಲೆಯ ದಾಖಲೆಯಲ್ಲಿ ಲಸಿಕೆ ಹಾಕಿದೆ ಎಂದಷ್ಟೇ ಬರೆದರೆ ಸಾಲದು, ಯಾವ ತಳಿ ಎಂದೂ ಬರೆಯಬೇಕು. ಇಲ್ಲದಿದ್ದರೆ ಸಿಪ್ಪೆಯ ಅಡಿಕೆ, ಸುಲಿದ ಅಡಿಕೆ ಎರಡೂ ಒಂದೇ ಚೀಲದಲ್ಲಿ ಬೆರೆತ ಹಾಗೆ. ಜೀನ್ ಬದಲಿಸಿದ ಜೀವಂತ ಬ್ಯಾಕ್ಟೀರಿಯಾ ಆದ್ದರಿಂದ, ಅಂಥ ಜೀವಿಗಳಿಗೆಂದೇ ಇರುವ 1989ರ ಕೇಂದ್ರ ಸರ್ಕಾರದ ನಿಯಮಗಳ ಸಮಿತಿಗಳನ್ನೂ ಅದು ದಾಟಿ ಬರಬೇಕು. ಅದು ಸರಿಯೇ. ಹೊಲದಲ್ಲಿ ಬಿಟ್ಟ ಮೇಲೆ ವಾಪಸ್ ಕರೆಯಲು ಬರುವ ವಸ್ತು ಅಲ್ಲವಲ್ಲ.

ತುಂಗೆಯ ವಿಷಯದಲ್ಲಿ ನಮಗೆ ಉಳಿದದ್ದು ಹಳೆಯ ದಾರಿ, ಕಾಯುವುದು. ಮೊದಲ ರಕ್ತವನ್ನು ಟ್ಯೂಬ್ ಪರೀಕ್ಷೆಗೆ ಹಾಕಿದಾಗ 1:80ರವರೆಗೆ ಬಂದಿತ್ತು, ಅಂದರೆ ಸೀರಂ ಅನ್ನು ಎಂಬತ್ತು ಪಟ್ಟು ತೆಳು ಮಾಡಿದರೂ ಪ್ರತಿಕಾಯ ಕಾಣುತ್ತಿತ್ತು. ಕಪಿಲೆಯದು 1:320. ಆರು ವಾರ ಬಿಟ್ಟು ಮತ್ತೆ ತೆಗೆದೆ. ಸೋಂಕು ಇದ್ದರೆ ಏರಬೇಕು, ಲಸಿಕೆಯದಾದರೆ ನಿಲ್ಲಬೇಕು ಅಥವಾ ಇಳಿಯಬೇಕು. ತುಂಗೆಯದು 1:40 ಆಯಿತು. ಯಜಮಾನರು ಖುಷಿಯಾದರು. ನಾನು ಆಗಲಿಲ್ಲ. ಒಂದು ಮೆಟ್ಟಿಲು, ಅಂದರೆ ಅರ್ಧಕ್ಕೆ, ಇಳಿಯುವುದು ಪರೀಕ್ಷೆ ಮಾಡುವ ಕೈಯ ವ್ಯತ್ಯಾಸದಿಂದಲೂ ಆಗುತ್ತದೆ. ಎರಡು ಮೆಟ್ಟಿಲು ಇಳಿದಿದ್ದರೆ ಧೈರ್ಯವಾಗಿ ಹೇಳಬಹುದಿತ್ತು.

ಕೊನೆಯ ಸಾಕ್ಷಿ ಸಿಗುವುದು ಕರು ಹಾಕುವಾಗ. ಗಬ್ಬದ ಹಸುವಿನ ಗರ್ಭಕೋಶದಲ್ಲಿ ಎರಿಥ್ರಿಟಾಲ್ ಎಂಬ ಒಂದು ವಸ್ತು ತುಂಬಿರುತ್ತದೆ. ರೋಗದ ಬ್ರುಸೆಲ್ಲಾಕ್ಕೆ ಅದು ಹಬ್ಬದೂಟ. ಅದು ಅಲ್ಲಿಗೇ ಹೋಗಿ ಕೂರಲು ಅದೂ ಒಂದು ಕಾರಣ. ಎಸ್ 19ರಲ್ಲಿ ಎರಿಥ್ರಿಟಾಲ್ ಅರಗಿಸುವ ಜೀನುಗಳ ಜಾಗದಲ್ಲಿ 702 ಅಕ್ಷರದಷ್ಟು ಡಿಎನ್‌ಎ ಇಲ್ಲ. ಹಾಗಾಗಿ ಆ ಜಾಗವನ್ನು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆಯಲ್ಲಿ ನೋಡಿದರೆ ಎಸ್ 19 ಯಾವುದು, ಹೊರಗಿನದು ಯಾವುದು ಎಂದು ತಿಳಿಯುತ್ತದೆ. ಸಿಪ್ಪೆ ಬಿಟ್ಟು ಅಡಿಕೆಯನ್ನೇ ನೋಡುವ ಪರೀಕ್ಷೆ ಇದು. ಆದರೆ ಬ್ಯಾಕ್ಟೀರಿಯಾ ಕೈಗೆ ಸಿಗಬೇಕಲ್ಲ. ಸಿಗುವುದು ಕಸದಲ್ಲಿ, ಗಿಣ್ಣದ ಹಾಲಿನಲ್ಲಿ.

ಕಪಿಲೆಯನ್ನು ತೋಟದಂಚಿನ ಹಳೆಯ ಅಡಿಕೆ ಮನೆಗೆ ಸಾಗಿಸಿದರು. ಸೋಂಕಿತ ಹಸುಗಳನ್ನು ಕೊಂದು ರೋಗ ತೆಗೆದ ದೇಶಗಳಿವೆ. ಈ ಮನೆಯಲ್ಲಿ ಆ ಮಾತನ್ನು ನಾನು ಎತ್ತಲೂ ಇಲ್ಲ. ಅದರ ಹಾಲು ಬೇರೆ ಪಾತ್ರೆಗೆ, ಕಾಯಿಸಿ ಕರುವಿಗೆ. ತುಂಗೆಯನ್ನು ಹಿಂದಿನ ಮೂಲೆಯಲ್ಲಿ ಬೇರೆಯಾಗಿ ಕಟ್ಟಿದರು. ಸುಣ್ಣ ತರಿಸಿಟ್ಟರು. ಕೈಗವಸಿನ ಡಬ್ಬಿಯನ್ನು ನಾನು ಕೊಟ್ಟೆ.

ಡಿಸೆಂಬರ್ 29ರ ರಾತ್ರಿ ಫೋನು ಬಂತು. ನಾನು ಹೋಗುವಷ್ಟರಲ್ಲಿ ಕರು ಎದ್ದು ನಿಂತಿತ್ತು, ಹೆಣ್ಣು. ದಿನ ತುಂಬಿ ಹುಟ್ಟಿತ್ತು. ಎರಡು ತಾಸಿನೊಳಗೆ ಕಸ ತಾನೇ ಬಿತ್ತು. ಸೊಸೆ ಕೈಗವಸು ಹಾಕಿಕೊಂಡೇ ನಿಂತಿದ್ದರು. ಅವರ ಪರೀಕ್ಷೆಯ ವಿಷಯ ನಾನಾಗಿ ಕೇಳಲಿಲ್ಲ. ಅವರೇ "ಆರು ವಾರ ಮಾತ್ರೆ ಮುಗೀತು, ಈಗ ಸೊಂಟ ಹಗುರ" ಅಂದರು. ಕಸದಿಂದ, ಗಿಣ್ಣದಿಂದ ಮಾದರಿ ತೆಗೆದು ಐಸ್ ಪೆಟ್ಟಿಗೆಯಲ್ಲಿಟ್ಟು ಮರುದಿನದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಕಳಿಸಿದೆ. ಕಸವನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿದರು.

ಎರಡರಲ್ಲೂ ಬ್ರುಸೆಲ್ಲಾ ಇಲ್ಲ ಎಂದು ಉತ್ತರ ಬಂತು. ರೋಗದ್ದೂ ಇಲ್ಲ, ಎಸ್ 19 ಕೂಡ ಇಲ್ಲ. ಇದ್ದ ಸಾಕ್ಷಿಯನ್ನೆಲ್ಲ ಸೇರಿಸಿ ನಾನು ಬರೆದ ತೀರ್ಮಾನ: ತುಂಗೆಯ ಪ್ರತಿಕಾಯ ಬಹುಮಟ್ಟಿಗೆ ತಡವಾಗಿ ಹಾಕಿದ ಲಸಿಕೆಯದು. ಬಹುಮಟ್ಟಿಗೆ ಎಂಬ ಪದವನ್ನು ಯಜಮಾನರು ಎರಡು ಸಲ ಓದಿದರು. ಡೇರಿಯವರಿಗೆ ಫೋನು ಮಾಡಿದರು. ಅವರು ಆಗಲೇ ಬೇರೆ ಕಡೆ ಕಡಸು ಕೊಂಡಿದ್ದರು.

ತುಂಗೆಯ ಕರು ಹುಟ್ಟಿದ ದಿನವನ್ನು ಅಮ್ಮ ಕೊಟ್ಟಿಗೆಯ ಕಂಬಕ್ಕೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಕುಂಕುಮದಿಂದ ಗುರುತು ಹಾಕಿಸಿದ್ದರು. ನಾನು ಅದರ ಫೋಟೋ ತೆಗೆದುಕೊಂಡೆ. 2025ರ ಮೇ ಕೊನೆಯಲ್ಲಿ ಹೋದಾಗ ಹೊರಗೆ ಮಳೆ ಶುರುವಾಗಿತ್ತು. ಕರುವಿಗೆ ಐದು ತಿಂಗಳು. ಕನ್ನಡಕ ಹಾಕಿಕೊಂಡೆ, ಮಂಜು ಕಟ್ಟಿತು, ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿಕೊಂಡೆ. ಯಜಮಾನರು ಕರುವಿನ ಕತ್ತು ಹಿಡಿದುಕೊಂಡು ಕೇಳಿದರು, "ಸಿಪ್ಪೆ ಸುಲಿದದ್ದಾ, ಡಾಕ್ಟ್ರೇ?"

ಬಾಟಲಿ ತಿರುಗಿಸಿ ತೋರಿಸಿದೆ. ಎಸ್ 19.